ಮುಪ್ಪಿನ ಹಸಿವು

ದಾವಣಗೆರೆಯಿಂದ ಹರಿಹರದ ಕಡೆಗೆ ಹೆದ್ದಾರಿಯಲ್ಲಿ ಹೊರಟವನಿಗೆ, ನಗರದ ಅಂಚಿನ ಗೋದಾಮುಗಳು ಹಿಂದೆ ಸರಿದ ಸ್ವಲ್ಪ ಹೊತ್ತಿಗೆಲ್ಲ ಬಾತಿಯ ಗುಡ್ಡವೂ ಕೆರೆಯೂ ಕಣ್ಣಿಗೆ ಬೀಳುತ್ತವೆ. ಇಂದು ಇಲ್ಲಿ ಭದ್ರಾ ನಾಲೆಯ ನೀರುಂಡ ಭತ್ತದ ಬಯಲುಗಳು ಹರಡಿಕೊಂಡಿರುವುದನ್ನು ಕಂಡವರಿಗೆ, ಈ ನೀರು ಬರುವುದಕ್ಕೆ ಮುಂಚೆ ಇದು ಬಹುಮಟ್ಟಿಗೆ ಜೋಳ, ರಾಗಿ, ನವಣೆ, ಹತ್ತಿಗಳ ಸೀಮೆಯಾಗಿತ್ತೆಂಬುದು ಸುಲಭವಾಗಿ ಹೊಳೆಯುವುದಿಲ್ಲ. ಆದರೆ ಈ ನೆಲದಲ್ಲಿ ಹುಟ್ಟಿ ಈಗ ಎಂಬತ್ತರ ಗಡಿಯನ್ನು ದಾಟಿರುವ ಒಬ್ಬ ಅಜ್ಜಿಯ ನಾಲಗೆಗೆ ಆ ಸಂಗತಿ ಚೆನ್ನಾಗಿ ಗೊತ್ತು. ಅವಳು ಬಾಲ್ಯದಲ್ಲಿ ಉಂಡದ್ದು ರೊಟ್ಟಿ, ಮುದ್ದೆ, ನುಚ್ಚು. ಅನ್ನವು ಹಬ್ಬದ ದಿನದ ಅತಿಥಿ. ಪ್ರಾಯಕ್ಕೆ ಬಂದ ಮೇಲೆ ನಾಲೆಯೊಡನೆ ಅನ್ನವೂ ಮನೆಯೊಳಕ್ಕೆ ಬಂದು ದಿನನಿತ್ಯದ ಬಂಧುವಾಯಿತು. ಹಾಗೆಯೇ ದಾವಣಗೆರೆಯ ಹತ್ತಿಗಿರಣಿಗಳಲ್ಲಿಯೋ, 1941ರಲ್ಲಿ ಹರಿಹರದಲ್ಲಿ ನೆಲೆಗೊಂಡ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಮುಂದೆಯೋ ಮೂವತ್ತು ವರ್ಷ ದುಡಿದ ಒಬ್ಬ ಅಜ್ಜನ ಹೊಟ್ಟೆ, ಪಾಳಿಯ ಸೈರನ್ನಿಗೆ ಹೊಂದಿಕೊಂಡು ಹಸಿದದ್ದು, ಹೊಂದಿಕೊಂಡು ತಣಿದದ್ದು. ಗಿರಣಿಗಳ ಸದ್ದಡಗಿ ಮಕ್ಕಳು ಬೆಂಗಳೂರಿಗೋ ಪುಣೆಗೋ ಹೊರಟುಹೋದ ಮೇಲೆ, ಇಂಥ ಅಜ್ಜ ಅಜ್ಜಿಯರಲ್ಲಿ ಕೆಲವರು ವೃದ್ಧಾಶ್ರಮದ ಊಟದ ಹಾಲಿನಲ್ಲಿ ಒಂದೇ ಸಾಲಿನಲ್ಲಿ ಕುಳಿತಾಗ, ಅವರ ಮುಂದೆ ಬರುವುದು ಒಂದೇ ಬಗೆಯ ತಟ್ಟೆ, ಒಂದೇ ಅಳತೆಯ ಅನ್ನ, ಒಂದೇ ತಿಳಿಸಾರು, ಒಂದೇ ಗಂಟೆ.

ಆ ತಟ್ಟೆ ಅರ್ಧ ತುಂಬಿದಂತೆಯೇ ಹಿಂದಿರುಗಿ ಹೋಗುವುದನ್ನು ನಾವು ಸಾಮಾನ್ಯವಾಗಿ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. 'ವಯಸ್ಸಾಯಿತು, ಅಷ್ಟೇ ಉಣ್ಣುವುದು' ಎಂಬ ಮಾತು ನಮ್ಮ ಮನೆಗಳಲ್ಲಿಯೂ ಆಶ್ರಮಗಳಲ್ಲಿಯೂ ಸಮಾನವಾಗಿ ಚಲಾವಣೆಯಲ್ಲಿರುವುದಷ್ಟೆ. ಈ ಮಾತಿನಲ್ಲಿ ಸತ್ಯದ ಒಂದು ಅಂಶವುಂಟು. ಆದರೆ ಮಿಕ್ಕ ಅಂಶವನ್ನು ಅದು ಮರೆಮಾಡುತ್ತದೆ. ಕಳೆದ ನಾಲ್ಕು ದಶಕಗಳ ಶರೀರಶಾಸ್ತ್ರವೂ ಪಥ್ಯಶಾಸ್ತ್ರವೂ ಸ್ಪಷ್ಟಪಡಿಸಿರುವ ಒಂದು ಸಂಗತಿಯನ್ನು ಈ ಅಧ್ಯಾಯದಲ್ಲಿ ವಿವರಿಸುವುದು ನನ್ನ ಉದ್ದೇಶ: ವೃದ್ಧರ ದೇಹವನ್ನು ಪೋಷಿಸುವುದು ತಟ್ಟೆಯೊಳಗಿನ ಪದಾರ್ಥವೊಂದೇ ಅಲ್ಲ, ಅದನ್ನು ಯಾರು, ಯಾವಾಗ, ಯಾರ ಜೊತೆಯಲ್ಲಿ, ಎಷ್ಟು ಸಾವಧಾನದಿಂದ ಬಡಿಸಿದರೆಂಬುದು ಕೂಡ ಪೋಷಣೆಯ ಒಂದು ಭಾಗವೇ ಆಗಿದ್ದು, ತಕ್ಕಡಿಯಲ್ಲಿ ತೂಗಿ ತೋರಿಸಬಹುದಾದಷ್ಟು ಅದು ವಾಸ್ತವವಾದದ್ದು.

ಹಸಿವು ಕುಂದುವ ಬಗೆ

ಮೊದಲು ಆ ಸತ್ಯಾಂಶವನ್ನು ನೋಡೋಣ. ವಾರ್ಧಕ್ಯದಲ್ಲಿ, ಯಾವ ರೋಗವೂ ಇಲ್ಲದಿದ್ದಾಗಲೂ, ಹಸಿವು ತಾನಾಗಿ ತಗ್ಗುತ್ತದೆಯೆಂಬುದನ್ನು 1988ರಲ್ಲಿ ಅಮೆರಿಕದ ವೈದ್ಯರಾದ ಜಾನ್ ಮಾರ್ಲಿ ಮತ್ತು ಆಂಡ್ರ್ಯೂ ಸಿಲ್ವರ್ ಒಂದು ಪ್ರಬಂಧದಲ್ಲಿ ವ್ಯವಸ್ಥಿತವಾಗಿ ಪ್ರತಿಪಾದಿಸಿದರು. ನಾವು ಉಂಡ ಅನ್ನ ಜಠರಕ್ಕೆ ಇಳಿದೊಡನೆ ಅದರ ಮೇಲ್ಭಾಗವು ಸಡಿಲಗೊಂಡು ಎಡೆಮಾಡಿಕೊಡುವುದು ಯೌವನದ ರೀತಿ. ವಯಸ್ಸಾದಂತೆ ಆ ಸಡಿಲಿಕೆ ಕಡಿಮೆಯಾಗಿ, ಅನ್ನವು ಬೇಗನೆ ಜಠರದ ಕೆಳಭಾಗವನ್ನು ಸೇರಿ ಅಲ್ಲಿನ ಗೋಡೆಯನ್ನು ಹಿಗ್ಗಿಸುವುದರಿಂದ, 'ಹೊಟ್ಟೆ ತುಂಬಿತು' ಎಂಬ ಸಂದೇಶ ನಾಲ್ಕು ತುತ್ತು ಮೊದಲೇ ಮಿದುಳನ್ನು ಮುಟ್ಟುತ್ತದೆ. ಇದರ ಜೊತೆಗೆ, ಕೊಬ್ಬು ಸಣ್ಣಕರುಳನ್ನು ಮುಟ್ಟಿದಾಗ ಸ್ರವಿಸಿ ತೃಪ್ತಿಯನ್ನುಂಟುಮಾಡುವ ಕೋಲಿಸಿಸ್ಟೊಕೈನಿನ್ ಎಂಬ ಹಾರ್ಮೋನಿನ ಪ್ರಮಾಣ ವೃದ್ಧರಲ್ಲಿ ಹೆಚ್ಚಾಗಿರುತ್ತದೆ. ಆದುದರಿಂದ ಅಜ್ಜಿಯು ಅರ್ಧ ತಟ್ಟೆಗೇ 'ಸಾಕು ಕಣಮ್ಮಾ' ಎಂದರೆ ಅದು ಹಟವಲ್ಲ, ಸಂಕೋಚವೂ ಅಲ್ಲ. ಅವಳ ಜಠರವು ಯಥಾರ್ಥವಾಗಿಯೇ ಹಾಗೆ ಹೇಳುತ್ತಿದೆ.

ಈ ಒಂದು ಸಂಗತಿಯಿಂದಲೇ ಒಂದು ವ್ಯವಹಾರ ಸೂತ್ರವು ಹೊರಡುತ್ತದೆ. ಒಂದೇ ಸಲಕ್ಕೆ ಹೆಚ್ಚು ಹಿಡಿಯದ ಹೊಟ್ಟೆಗೆ, ದೊಡ್ಡ ಊಟಗಳೆರಡನ್ನು ಒಡ್ಡುವುದಕ್ಕಿಂತ ಚಿಕ್ಕ ಊಟಗಳನ್ನು ದಿನದಲ್ಲಿ ಐದಾರು ಸಲ ಹಂಚುವುದು ಮೇಲು. ರಾತ್ರಿಯ ಊಟವನ್ನು ಏಳು ಗಂಟೆಗೆ ಮುಗಿಸಿ ಬೆಳಗಿನ ತಿಂಡಿಯನ್ನು ಒಂಬತ್ತಕ್ಕೆ ಕೊಡುವ ಆಶ್ರಮದಲ್ಲಿ ಹದಿನಾಲ್ಕು ಗಂಟೆಗಳ ಉಪವಾಸ ಪ್ರತಿದಿನವೂ ನಡೆಯುತ್ತದೆಯೆಂಬುದನ್ನು ಅಲ್ಲಿನವರು ಗಮನಿಸಿರುವುದಿಲ್ಲ. ಮಲಗುವ ಮುನ್ನ ಒಂದು ಲೋಟ ಹಾಲು, ನಸುಕಿನಲ್ಲಿ ಒಂದು ಲೋಟ ಅಂಬಲಿ ಈ ಕಂದರವನ್ನು ಮುಚ್ಚಬಲ್ಲವು. ಮತ್ತೆ, ಉಣ್ಣುವ ಪ್ರಮಾಣ ಕಡಿಮೆಯಾದಾಗ ಪ್ರತಿ ತುತ್ತಿನ ಸತ್ವ ಹೆಚ್ಚಾಗಬೇಕಾದುದು ನ್ಯಾಯ. ವೃದ್ಧರ ಸ್ನಾಯುಗಳು ಕರಗದೆ ಉಳಿಯಬೇಕಾದರೆ ಆರೋಗ್ಯವಂತರಿಗೂ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕೆಂದು 2013ರಲ್ಲಿ ತಜ್ಞರ ಒಂದು ಅಂತರರಾಷ್ಟ್ರೀಯ ಮಂಡಲಿ ಅಭಿಪ್ರಾಯಪಟ್ಟಿತು. ಎಂದರೆ ಐವತ್ತು ಕಿಲೋ ತೂಗುವ ಅಜ್ಜಿಗೆ ಐವತ್ತರಿಂದ ಅರವತ್ತು ಗ್ರಾಂ. ನೂರು ಗ್ರಾಂ ಅಕ್ಕಿಯಲ್ಲಿ ಇರುವುದು ಏಳೆಂಟು ಗ್ರಾಂ. ತೊಗರಿಬೇಳೆಯಲ್ಲಿ ಸುಮಾರು 22. ಶೇಂಗಾದಲ್ಲಿ ಸುಮಾರು 25. ಬೇಳೆ ಕದಡಿದ ನೀರಿನಂತಹ ಸಾರು ಮತ್ತು ಅನ್ನದಿಂದ ಆ ಲೆಕ್ಕ ಎಂದಿಗೂ ತುಂಬುವುದಿಲ್ಲ. ಆದರೆ ಈ ಸೀಮೆಯ ಪ್ರತಿ ಮನೆಯಲ್ಲಿಯೂ ಇರುವ ಶೇಂಗಾ ಚಟ್ನಿಯನ್ನು ನುಣ್ಣಗೆ ರುಬ್ಬಿ ಮೊಸರಿನೊಡನೆ ಕಲಸಿಕೊಟ್ಟರೆ, ಬಸ್ಸಾರಿನ ಕಾಳನ್ನು ಮೆತ್ತಗೆ ಮಸೆದು ಹಾಕಿದರೆ, ತಿನ್ನುವವರಿಗೆ ಒಂದು ಮೊಟ್ಟೆಯನ್ನು ಸೇರಿಸಿದರೆ, ತಟ್ಟೆಯ ಗಾತ್ರ ಬೆಳೆಯದೆಯೇ ಅದರ ಸತ್ವ ಬೆಳೆಯುತ್ತದೆ.

ಮೂಗು ಮರೆತ ರುಚಿ

ರುಚಿಯೆಂದು ನಾವು ಕರೆಯುವುದರಲ್ಲಿ ನಾಲಗೆಯ ಪಾಲು ನಾವೆಣಿಸಿದುದಕ್ಕಿಂತ ಬಹಳ ಕಡಿಮೆ. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮುಂತಾದ ಕೆಲವು ಮೂಲರಸಗಳು ಮಾತ್ರ. ಸಾರಿಗೆ ಸಾರಿನತನವನ್ನು ಕೊಡುವ ಮಿಕ್ಕ ವೈವಿಧ್ಯವೆಲ್ಲವೂ, ಅಗಿಯುವಾಗ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳದಿಂದ ಬರುವಂಥದು. ಈ ಘ್ರಾಣೇಂದ್ರಿಯವೇ ಮುಪ್ಪಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮಂಕಾಗುತ್ತದೆ. 1984ರಲ್ಲಿ ರಿಚರ್ಡ್ ಡೋಟಿ ಮತ್ತು ಸಂಗಡಿಗರು ಸುಮಾರು ಎರಡು ಸಾವಿರ ಮಂದಿಯ ಘ್ರಾಣಶಕ್ತಿಯನ್ನು ಪರೀಕ್ಷಿಸಿ, 65ರಿಂದ 80ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿಯೂ ಎಂಬತ್ತು ದಾಟಿದವರಲ್ಲಿ ಮುಕ್ಕಾಲಿಗಿಂತ ಹೆಚ್ಚು ಮಂದಿಯಲ್ಲಿಯೂ ಅದು ಗಣನೀಯವಾಗಿ ಕುಂದಿರುವುದನ್ನು ತೋರಿಸಿದರು. ವಿಶೇಷವೆಂದರೆ ತಮ್ಮ ಮೂಗು ಮಂಕಾಗಿದೆಯೆಂಬುದು ವೃದ್ಧರಿಗೆ ಅನೇಕವೇಳೆ ತಿಳಿದಿರುವುದಿಲ್ಲ. ಅವರಿಗೆ ತೋರುವುದು ಇಷ್ಟೇ: ಸಾರು ಸಪ್ಪೆ, ಅಡುಗೆಯವನ ಕೈ ಸರಿಯಿಲ್ಲ. ಅಡುಗೆಯವನೋ ತನ್ನ ಮೂಗಿನಿಂದ ನೋಡಿ ಎಲ್ಲವೂ ಸರಿಯಾಗಿದೆಯೆನ್ನುತ್ತಾನೆ. ಇಬ್ಬರ ಮಾತೂ ನಿಜ. ಇಬ್ಬರ ನಡುವೆ ಐವತ್ತು ವರ್ಷಗಳ ಅಂತರವಿದೆ.

ಇದಕ್ಕೆ ಪರಿಹಾರವುಂಟೆ? ಉಂಟೆಂದು ಪ್ರಯೋಗಗಳು ಹೇಳುತ್ತವೆ. ಅಮೆರಿಕದ ಸೂಸನ್ ಶಿಫ್‌ಮನ್ 1990ರ ದಶಕದ ಆದಿಯಲ್ಲಿ ವೃದ್ಧರ ಆಹಾರಕ್ಕೆ ಅದರದೇ ಪರಿಮಳವನ್ನು ಗಾಢಗೊಳಿಸಿ ಬೆರೆಸಿದಾಗ ಅವರು ಅದನ್ನು ಹೆಚ್ಚು ಮೆಚ್ಚಿದುದನ್ನು ಕಂಡರು. ನೆದರ್‌ಲೆಂಡಿನ ಒಂದು ವೃದ್ಧಾಲಯದಲ್ಲಿ ಹದಿನಾರು ವಾರಗಳ ಕಾಲ ಹೀಗೆಯೇ ಊಟದ ಪರಿಮಳವನ್ನು ಹೆಚ್ಚಿಸಿದ ಪ್ರಯೋಗವೊಂದರ ಫಲಿತಾಂಶ 2001ರಲ್ಲಿ ಪ್ರಕಟವಾಯಿತು: ಪರಿಮಳದ ಊಟವನ್ನುಂಡವರ ತೂಕ ಸರಾಸರಿ 1.1 ಕಿಲೋ ಏರಿತ್ತು. ಎಂದಿನಂತೆಯೇ ಉಂಡವರದು ಸ್ವಲ್ಪ ಇಳಿದಿತ್ತು. ಆ ದೇಶದವರು ಇದಕ್ಕಾಗಿ ಪುಡಿಗಳನ್ನು ತಯಾರಿಸಬೇಕಾಯಿತು. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯೆಂಬ ಸಾಧನ ಮೊದಲಿನಿಂದಲೂ ಇದ್ದೇ ಇದೆ. ಕಾದ ಎಣ್ಣೆಯಲ್ಲಿ ಸಿಡಿದ ಸಾಸಿವೆ, ಇಂಗು, ಕರಿಬೇವು, ಜಜ್ಜಿದ ಬೆಳ್ಳುಳ್ಳಿ ತಮ್ಮ ಸುಗಂಧ ತೈಲಗಳನ್ನು ಎಣ್ಣೆಗೆ ಬಿಟ್ಟುಕೊಡುತ್ತವೆ. ಎಣ್ಣೆ ಅವುಗಳನ್ನು ಹಿಡಿದಿಟ್ಟು ಬಾಯಿಯವರೆಗೆ ಒಯ್ಯುತ್ತದೆ. ಆದರೆ ದೊಡ್ಡ ಅಡುಗೆಯಲ್ಲಿ ಬೆಳಿಗ್ಗೆ ಎಂಟು ಗಂಟೆಗೇ ಹಾಕಿ ಮುಚ್ಚಿಟ್ಟ ಒಗ್ಗರಣೆಯ ಪರಿಮಳ ಮಧ್ಯಾಹ್ನ ಒಂದು ಗಂಟೆಯವರೆಗೆ ಉಳಿಯುವುದಿಲ್ಲ. ಬಡಿಸುವ ಹತ್ತು ನಿಮಿಷ ಮೊದಲು, ಊಟದ ಹಾಲಿಗೆ ಕೇಳಿಸುವಂತೆ, ಮೂಗಿಗೆ ತಾಗುವಂತೆ ಒಗ್ಗರಣೆ ಹಾಕಿದರೆ ಎರಡು ಪ್ರಯೋಜನಗಳುಂಟು: ಪರಿಮಳ ತಾಜಾ ಆಗಿರುತ್ತದೆ, ಅದು ತಗಲಿದೊಡನೆ ಬಾಯಿಯಲ್ಲಿ ಜೊಲ್ಲೂ ಜಠರದಲ್ಲಿ ರಸವೂ ಸ್ರವಿಸಲಾರಂಭಿಸುತ್ತವೆ. ಊಟವು ಬಾಯಿಗೆ ಬರುವುದಕ್ಕೆ ಮೊದಲೇ ಪಚನಕ್ರಿಯೆ ಪ್ರಾರಂಭವಾಗುತ್ತದೆಂಬುದನ್ನು ತೋರಿಸಿಕೊಟ್ಟ ರಷ್ಯದ ಇವಾನ್ ಪಾವ್ಲೋವರಿಗೆ, ಪಚನವನ್ನು ಕುರಿತ ಸಂಶೋಧನೆಗಾಗಿಯೇ, 1904ರಲ್ಲಿ ನೊಬೆಲ್ ಪಾರಿತೋಷಿಕ ಸಂದಿತು.

ಖಾರದ ವಿಷಯವೂ ಇಲ್ಲಿ ವಿಚಾರಾರ್ಹ. ಮೆಣಸಿನಕಾಯಿಯ ಖಾರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಶಾಖವನ್ನೂ ನೋವನ್ನೂ ಅರಿಯುವ ನರತಂತುಗಳನ್ನು ಅದು ಕೆರಳಿಸುತ್ತದೆ. ಆ ತಂತುಗಳಲ್ಲಿನ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ 2021ರಲ್ಲಿ ನೊಬೆಲ್ ಪಾರಿತೋಷಿಕವನ್ನು ಹಂಚಿಕೊಂಡರು. ಮೂಗಿನ ದಾರಿ ಮುಚ್ಚುತ್ತ ಬಂದಾಗಲೂ ಈ ದಾರಿ ಇನ್ನಷ್ಟು ಕಾಲ ತೆರೆದಿರುತ್ತದೆ. ಖಾರ ಮಂಡಕ್ಕಿಯನ್ನೂ ಕೆಂಪು ಚಟ್ನಿಯನ್ನೂ ತಿಂದು ಬೆಳೆದ ದಾವಣಗೆರೆಯ ನಾಲಗೆಗೆ, ವೃದ್ಧರೆಂಬ ಒಂದೇ ಕಾರಣಕ್ಕೆ ಖಾರವನ್ನೂ ಹುಳಿಯನ್ನೂ ಸಂಪೂರ್ಣವಾಗಿ ನಿಷೇಧಿಸುವುದು, ಉಳಿದಿದ್ದ ಒಂದು ಬಾಗಿಲನ್ನೂ ಹೊರಗಿನಿಂದ ಅಗುಳಿ ಹಾಕಿ ಮುಚ್ಚಿದಂತೆ. ಹುಣ್ಣು, ಎದೆಯುರಿ ಇರುವವರಿಗೆ ಅದು ಬೇಡ. ಮಿಕ್ಕವರಿಗೆ ತಟ್ಟೆಯ ಅಂಚಿನಲ್ಲಿ ಒಂದಿಷ್ಟು ಚಟ್ನಿ ಇರಲಿ, ಬೇಕೋ ಬೇಡವೋ ಅವರೇ ನಿರ್ಧರಿಸಲಿ. ಉಪ್ಪು, ಸಕ್ಕರೆ, ಕೊಬ್ಬುಗಳ ಪಥ್ಯವನ್ನು ಆಶ್ರಮದ ಎಲ್ಲರಿಗೂ ಏಕಪ್ರಕಾರವಾಗಿ ವಿಧಿಸಿದಾಗ ಅವರು ಉಣ್ಣುವುದನ್ನೇ ಕಡಿಮೆ ಮಾಡುವರೆಂಬುದನ್ನು ಮನಗಂಡು, ಅಮೆರಿಕದ ಪಥ್ಯತಜ್ಞರ ಸಂಘವು 2010ರಲ್ಲಿಯೇ ಇಂತಹ ನಿಲಯಗಳಲ್ಲಿ ಪಥ್ಯವನ್ನು ವ್ಯಕ್ತಿಗನುಸಾರವಾಗಿ ಸಡಿಲಿಸಬೇಕೆಂದು ಸಲಹೆಯಿತ್ತಿತು. ತೊಂಬತ್ತರ ವಯಸ್ಸಿನಲ್ಲಿ ಹೆಚ್ಚಿನ ಅಪಾಯವಿರುವುದು ಹಪ್ಪಳದ ಉಪ್ಪಿನಿಂದಲ್ಲ, ಖಾಲಿಯಾಗದ ತಟ್ಟೆಯಿಂದ.

ಬಾಯಾರಿಕೆಯದೂ ಇದೇ ಕಥೆ. 1984ರಲ್ಲಿ ಪ್ಯಾಡಿ ಫಿಲಿಪ್ಸ್ ಮತ್ತು ಸಂಗಡಿಗರು ಆರೋಗ್ಯವಂತರಾದ ವೃದ್ಧರಿಗೂ ತರುಣರಿಗೂ ಇಪ್ಪತ್ತನಾಲ್ಕು ಗಂಟೆ ನೀರು ಕೊಡದೆ ನೋಡಿದಾಗ, ದೇಹ ಒಣಗಿದ್ದರೂ ವೃದ್ಧರಿಗೆ ಬಾಯಾರಿಕೆ ತರುಣರಷ್ಟು ತೋರಲಿಲ್ಲ. ನೀರು ಸಿಕ್ಕಾಗಲೂ ಅವರು ಸಾಕಷ್ಟು ಕುಡಿಯಲಿಲ್ಲ. ಆದುದರಿಂದ ಬಾತಿಯ ಬಂಡೆಗಳು ಕಾದು ನಿಲ್ಲುವ ಏಪ್ರಿಲ್ ತಿಂಗಳಿನಲ್ಲಿ 'ಬೇಕಾದರೆ ಕೇಳುತ್ತಾರೆ' ಎಂದು ಕಾಯುವುದು ಸಲ್ಲದು. ಕೇಳುವ ಮೊದಲೇ ಮಜ್ಜಿಗೆಯನ್ನೋ ಪಾನಕವನ್ನೋ ಕೈಗೆ ಕೊಡಬೇಕು.

ಒಂದು ತುತ್ತಿನ ಪ್ರಯಾಣ

ನುಂಗುವುದು ನಾವು ದಿನಕ್ಕೆ ನೂರಾರು ಸಲ ಯೋಚಿಸದೆಯೇ ಮಾಡುವ ಕ್ರಿಯೆಯಾದರೂ, ಅದರ ಯಾಂತ್ರಿಕ ಸೂಕ್ಷ್ಮತೆ ಆಶ್ಚರ್ಯಕರವಾದುದು. ಗಂಟಲಿನಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಒಂದನ್ನೊಂದು ದಾಟುತ್ತವೆ. ತುತ್ತು ಹಿಂದಕ್ಕೆ ಜಾರಿದ ಕ್ಷಣದಲ್ಲಿ ಉಸಿರು ನಿಲ್ಲಬೇಕು, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಏಳಬೇಕು, ಕಿರುನಾಲಗೆಯ ಕೆಳಗಿನ ಮುಚ್ಚಳವು ಶ್ವಾಸನಾಳದ ಮೇಲೆ ಬಾಗಬೇಕು, ಅನ್ನನಾಳದ ಬಾಯಿ ತೆರೆಯಬೇಕು. ಇವೆಲ್ಲವೂ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯಬೇಕು. ವಯಸ್ಸು ಈ ಕ್ರಮವನ್ನು ನಿಧಾನಗೊಳಿಸುತ್ತದೆ. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆವಿನ ರೋಗಗಳು ಅದನ್ನು ಕೆಡಿಸುತ್ತವೆ. ಆಗ ಅನ್ನದ ಕಣವೋ ನೀರಿನ ಹನಿಯೋ ಶ್ವಾಸಕೋಶದ ಪಾಲಾಗುತ್ತದೆ. ಒಮ್ಮೊಮ್ಮೆ ಕೆಮ್ಮು ಕೂಡ ಬರುವುದಿಲ್ಲ.

ಈ ದೃಷ್ಟಿಯಿಂದ ನಮ್ಮ ಊಟವನ್ನು ಪರಿಶೀಲಿಸಿದರೆ ಅನೇಕ ಸಂಗತಿಗಳು ಹೊಸ ಬೆಳಕಿನಲ್ಲಿ ಕಾಣುತ್ತವೆ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮವರ ಪದ್ಧತಿ. ಗಟ್ಟಿ ಗಂಟಲಿಗೆ ಅದೇ ಸುಖ. ಆದರೆ ನುಂಗುವ ಶಕ್ತಿ ಕುಂದಿದವರಿಗೆ ಅಂಟುವ ದೊಡ್ಡ ತುತ್ತು ಗಂಡಾಂತರಕಾರಿ. ತಿಳಿಸಾರನ್ನು ಸುರಿದ ಅನ್ನವು ನಿರಪಾಯವೆಂದು ತೋರುವುದಾದರೂ, ಅದರಲ್ಲಿ ದ್ರವವೂ ಘನವೂ ಬೇರೆಬೇರೆ ವೇಗದಲ್ಲಿ ಚಲಿಸುವುದರಿಂದ, ಅನ್ನವನ್ನು ಅಗಿಯುತ್ತಿರುವಾಗಲೇ ಸಾರು ಮುಂದಾಗಿ ಗಂಟಲಿಗೆ ಜಾರುತ್ತದೆ. ಒಣ ಮಂಡಕ್ಕಿಯೂ ಉದುರುದುರಾದ ಉಪ್ಪಿಟ್ಟೂ ಬಾಯಿಯಲ್ಲಿ ಚದುರುತ್ತವೆ. ಹಲ್ಲಿಲ್ಲದ, ಜೊಲ್ಲು ಬತ್ತಿದ ಬಾಯಿ ಅವನ್ನು ಒಟ್ಟುಗೂಡಿಸಲಾರದು. ಇವುಗಳಿಗೆ ಪರ್ಯಾಯಗಳೂ ಇದೇ ಸೀಮೆಯ ಅಡುಗೆಯಲ್ಲಿವೆ. ಬೆಣ್ಣೆ ಹಾಕಿ ಹಿಚುಕಿದ ಮೊಸರನ್ನ ಒಂದೇ ಮುದ್ದೆಯಾಗಿ ನಯವಾಗಿ ಇಳಿಯುತ್ತದೆ; ಗಟ್ಟಿ ಬೇಳೆಯಲ್ಲಿ ಕಲಸಿದ ಮೆತ್ತನೆಯ ಅನ್ನವೂ ಹಾಗೆಯೇ. ನೀರಿನಲ್ಲಿ ನೆನೆಸಿ ಹಿಂಡಿ ಮಾಡುವ ಮಂಡಕ್ಕಿ ಒಗ್ಗರಣೆಯನ್ನು ಇನ್ನಷ್ಟು ಮೆದುಗೊಳಿಸಿದರೆ ಅನೇಕರು ಅದನ್ನು ಸುಖವಾಗಿ ತಿನ್ನಬಲ್ಲರು. ಖಡಕ್ ರೊಟ್ಟಿಗೆ ಬದಲಾಗಿ ಬಿಸಿ ರೊಟ್ಟಿಯನ್ನು ಚೂರು ಮಾಡಿ, ಹಾಲಿನಲ್ಲಿಯೋ ಗಟ್ಟಿ ಪಲ್ಯದ ರಸದಲ್ಲಿಯೋ ಪೂರ್ತಿ ಹೀರುವವರೆಗೆ ನೆನೆಸಿದರೆ, ಎಂಬತ್ತು ವರ್ಷಗಳ ಹಿಂದಿನ ಜೋಳದ ರುಚಿ ಹಲ್ಲಿಲ್ಲದ ಬಾಯಿಗೂ ಮರಳುತ್ತದೆ.

ನುಂಗಲು ಕಷ್ಟಪಡುವವರ ಆಹಾರ ಪಾನೀಯಗಳನ್ನು 0ಯಿಂದ 7ರವರೆಗೆ ಎಂಟು ಹಂತಗಳಲ್ಲಿ ವಿಂಗಡಿಸುವ ಒಂದು ಅಂತರರಾಷ್ಟ್ರೀಯ ಕ್ರಮ ಈಗ ಬಳಕೆಗೆ ಬಂದಿದೆ. ಅದರ ಪರೀಕ್ಷೆಗಳಿಗೆ ಪ್ರಯೋಗಶಾಲೆ ಬೇಕಾಗಿಲ್ಲ. ಹತ್ತು ಮಿಲಿಲೀಟರಿನ ಸಿರಿಂಜಿನಲ್ಲಿ ದ್ರವವನ್ನು ತುಂಬಿ ಹತ್ತು ಸೆಕೆಂಡು ಹರಿಯಬಿಟ್ಟು ಉಳಿದುದನ್ನು ಅಳೆದರೆ ಅದರ ಗಟ್ಟಿತನ ತಿಳಿಯುತ್ತದೆ. ಮೆತ್ತನೆಯ ಘನಾಹಾರದ ಚೂರು ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡದಾಗಿರದೆ, ಚಮಚದ ಬೆನ್ನಿನಿಂದ ಒತ್ತಿದಾಗ ನುಜ್ಜಾಗಬೇಕು. ರಾಗಿ ಅಂಬಲಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ: ಒಲೆಯಿಂದ ಇಳಿಸಿದಾಗ ತೆಳ್ಳಗಿದ್ದ ಅಂಬಲಿ ಆರಿದಂತೆ ಗಟ್ಟಿಯಾಗುವುದರಿಂದ, ಕುಡಿಸುವ ಹೊತ್ತಿನಲ್ಲಿಯೇ ಅದನ್ನು ಪರೀಕ್ಷಿಸಬೇಕು, ಬಾಯಿಗೆ ಹೋದ ಚಮಚವನ್ನು ಮತ್ತೆ ಮತ್ತೆ ಲೋಟಕ್ಕೆ ಅದ್ದಿದರೆ ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಒಡೆದು ಅದನ್ನು ನೀರಾಗಿಸುವುದರಿಂದ, ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸಿಕೊಳ್ಳಬೇಕು. ಮಲಗಿದವರಿಗೆ ಮಲಗಿದಂತೆಯೇ ಉಣಿಸಬಾರದು. ಬೆನ್ನಿಗೆ ಒರಗು ಕೊಟ್ಟು ನೆಟ್ಟಗೆ ಕೂರಿಸಿ, ಉಂಡ ಮೇಲೆಯೂ ಅರ್ಧ ಗಂಟೆ ಹಾಗೆಯೇ ಕೂರಿಸಬೇಕು. ಉಂಡ ಬಾಯನ್ನು ಶುಚಿಗೊಳಿಸುವುದು ಕೂಡ ಊಟದ ಅಂಗವೇ ಸರಿ: ಜಪಾನಿನ ಹನ್ನೊಂದು ವೃದ್ಧಾಲಯಗಳಲ್ಲಿ ನಿತ್ಯವೂ ಹಲ್ಲು ಬಾಯಿಗಳನ್ನು ಸ್ವಚ್ಛಗೊಳಿಸಿದವರಲ್ಲಿ ನ್ಯುಮೋನಿಯ ಕಡಿಮೆಯಾದುದನ್ನು ಯೋನೆಯಾಮಾ ಮತ್ತು ಸಂಗಡಿಗರು 1999ರಲ್ಲಿ ವರದಿ ಮಾಡಿದರು.

ಇವೆಲ್ಲಕ್ಕೂ ಬೇಕಾದ ಮುಖ್ಯ ಸಾಮಗ್ರಿ ಕಾಲ. 2001ರಲ್ಲಿ ಸಾಂಡ್ರಾ ಸಿಮನ್ಸ್ ಮತ್ತು ಸಂಗಡಿಗರು ಅಮೆರಿಕದ ವೃದ್ಧಾಲಯಗಳಲ್ಲಿ ಅಳೆದು ನೋಡಿದಾಗ, ಉಣಿಸಲು ನೆರವು ಬೇಕಾದವರಿಗೆ ಸಿಬ್ಬಂದಿ ಎಂದಿನಂತೆ ಕೊಡುತ್ತಿದ್ದ ಅವಧಿ ಊಟವೊಂದಕ್ಕೆ ಒಂಬತ್ತು ನಿಮಿಷದಷ್ಟಿತ್ತು. ಸಾವಧಾನವಾಗಿ ಉಣಿಸಿ ಊಟ ಹೆಚ್ಚಬೇಕಾದರೆ ಬೇಕಾದದ್ದು ಸರಾಸರಿ ಮೂವತ್ತೆಂಟು ನಿಮಿಷ. ಒಬ್ಬಳೇ ಆಯಾ ಹತ್ತು ಮಂದಿಗೆ ಉಣಿಸಬೇಕಾದಲ್ಲಿ ಈ ಲೆಕ್ಕ ಎಷ್ಟು ಅಸಾಧ್ಯವೆಂಬುದನ್ನು ವಿವರಿಸಬೇಕಾಗಿಲ್ಲ. ಅವಳ ಕೈ ಅವಸರಪಟ್ಟರೆ ಅದು ಅವಳ ಕರುಣೆಯ ಕೊರತೆಯಲ್ಲ. ಅವಳಿಗೆ ಕಾಲವನ್ನು ಕೊಡದ ವ್ಯವಸ್ಥೆಯ ಕೊರತೆ. ಎಲ್ಲರನ್ನೂ ಒಂದೇ ಗಂಟೆಗೆ ಕೂರಿಸುವ ಬದಲು, ನೆರವು ಬೇಕಾದವರಿಗೆ ಮೊದಲ ಸರದಿ, ತಾವೇ ಉಣ್ಣುವವರಿಗೆ ಎರಡನೆಯ ಸರದಿ ಎಂದು ವಿಂಗಡಿಸುವುದರಿಂದಲೂ, ಕಚೇರಿಯ ಗುಮಾಸ್ತನಿಂದ ಹಿಡಿದು ಮೇಲ್ವಿಚಾರಕರವರೆಗೆ ಎಲ್ಲರಿಗೂ ಉಣಿಸುವ ತರಬೇತಿ ಕೊಟ್ಟು ಆ ಹೊತ್ತಿನಲ್ಲಿ ಕೈಜೋಡಿಸುವಂತೆ ಮಾಡುವುದರಿಂದಲೂ ಈ ಕಾಲವನ್ನು ಸ್ವಲ್ಪಮಟ್ಟಿಗಾದರೂ ದೊರಕಿಸಿಕೊಳ್ಳಬಹುದು.

ಕಣ್ಣು ಮತ್ತು ಕೈ

ಮರೆವಿನ ರೋಗದಲ್ಲಿ ಕಣ್ಣು ಕಂಡರೂ ಮಿದುಳು ಕಾಣದಿರುವ ಸಂದರ್ಭಗಳುಂಟು. ಮಸೂರ ಹಳದಿಯಾದ ವೃದ್ಧಾಪ್ಯದ ಕಣ್ಣಿಗೆ, ಬಿಳಿಯ ತಟ್ಟೆಯ ಮೇಲಿನ ಬಿಳಿಯ ಅನ್ನ ತಟ್ಟೆಯಿಂದ ಬೇರೆಯಾಗಿ ತೋರುವುದು ಕಷ್ಟ. ಮರೆವು ಸೇರಿದರೆ ಅದು ಇನ್ನೂ ಕಷ್ಟ. 2004ರಲ್ಲಿ ಬೋಸ್ಟನ್ನಿನ ಸಂಶೋಧಕರು ಆಲ್‌ಜೈಮರ್ ರೋಗ ಬಲಿತಿದ್ದ ಒಂಬತ್ತು ಮಂದಿಗೆ ಗಾಢ ಕೆಂಪು ಬಣ್ಣದ ತಟ್ಟೆ ಲೋಟಗಳಲ್ಲಿ ಊಟ ಕೊಟ್ಟಾಗ, ಬಿಳಿಯ ಪಾತ್ರೆಗಳಿಗಿಂತ ಊಟ ನೂರಕ್ಕೆ 25ರಷ್ಟೂ ಪಾನೀಯ ನೂರಕ್ಕೆ 84ರಷ್ಟೂ ಹೆಚ್ಚಾಯಿತು. ಚಿಕ್ಕ ಪ್ರಯೋಗವಾದುದರಿಂದ ಅಂಕಿಗಳಿಗೆ ಜೋತುಬೀಳಬೇಕಾಗಿಲ್ಲ. ತತ್ತ್ವವನ್ನು ಗ್ರಹಿಸಿದರೆ ಸಾಕು. ನಮ್ಮವರು ಬಾಳೆಯ ಎಲೆಯ ಮೇಲೆ ಅನ್ನವನ್ನು ಬಡಿಸಿದಾಗ ಹಸುರಿನ ಮೇಲೆ ಬಿಳುಪು ಎದ್ದುಕಾಣುತ್ತಿತ್ತು. ಇಂದು ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ದೀಪದ ಪ್ರತಿಬಿಂಬವೂ ಅನ್ನವೂ ಕಲೆತುಹೋಗುತ್ತವೆ. ಬಾಳೆಯೆಲೆ ನಿತ್ಯ ದೊರೆಯದಿದ್ದರೂ, ಹಸುರು ಅಥವಾ ಕೆಂಪು ಬಣ್ಣದ ತಟ್ಟೆಗಳನ್ನು ಕೊಳ್ಳುವುದಕ್ಕೆ ದೊಡ್ಡ ನಿಧಿಯೇನೂ ಬೇಕಾಗಿಲ್ಲ.

ಕೈಯಿಂದ ಉಣ್ಣುವ ನಮ್ಮ ಪದ್ಧತಿ ಇಲ್ಲಿ ಒಂದು ವರವಾಗಿದೆ. ಬಾಲ್ಯದಿಂದ ಲಕ್ಷಾಂತರ ಸಲ ಆವರ್ತಿಸಿದ ಕ್ರಿಯೆಯ ಸ್ಮೃತಿ, ಹೆಸರುಗಳ ಮತ್ತು ಘಟನೆಗಳ ಸ್ಮೃತಿ ಅಳಿದ ಮೇಲೂ ಬಹುಕಾಲ ಉಳಿಯುತ್ತದೆ. ಮಗನ ಹೆಸರನ್ನು ಮರೆತ ಅಜ್ಜನ ಬೆರಳು ಮುದ್ದೆಯನ್ನು ಮುರಿದು ಸಾರಿಗೆ ಅದ್ದುವುದನ್ನು ಮರೆತಿರುವುದಿಲ್ಲ. ಅವನ ಕೈಗೆ ಚಮಚವನ್ನು ಕೊಟ್ಟರೆ ಅವನು ತಬ್ಬಿಬ್ಬಾಗಬಹುದು. ಮೊದಲ ತುತ್ತಿಗೆ ಅವನ ಕೈಯನ್ನು ಹಿಡಿದು ತಟ್ಟೆಯವರೆಗೆ ನಡೆಸಿಬಿಟ್ಟರೆ ಎರಡನೆಯದನ್ನು ಕೈ ತಾನೇ ನಡೆಸಿಕೊಂಡು ಹೋಗುವುದುಂಟು. ಬಟ್ಟೆಯ ಮೇಲೆ ಸಾರು ಚೆಲ್ಲೀತೆಂಬ ಭಯದಿಂದ ಆ ಕೈಯನ್ನು ಸುಮ್ಮನಿರಿಸಿ ಬಾಯಿಗೆ ತುರುಕುವುದು, ಉಳಿದಿರುವ ಒಂದು ಸ್ವಾತಂತ್ರ್ಯವನ್ನು ಕಸಿದುಕೊಂಡಂತೆಯೇ ಆಗುತ್ತದೆ. ಚೆಲ್ಲಿದ ಸಾರನ್ನು ಒರೆಸಬಹುದು; ಮರೆತ ಕೈಯನ್ನು ಮತ್ತೆ ಕಲಿಸುವುದು ದುಸ್ಸಾಧ್ಯ.

ಪಂಕ್ತಿಯ ಬಲ

ಈ ಅಧ್ಯಾಯದ ಹೃದಯಭಾಗಕ್ಕೆ ಈಗ ಬಂದಿದ್ದೇವೆ. ಅಮೆರಿಕದ ಜಾನ್ ಡಿ ಕ್ಯಾಸ್ಟ್ರೊ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಜನರಿಂದ ಊಟದ ದಿನಚರಿಗಳನ್ನು ಬರೆಯಿಸಿ ಪರಿಶೀಲಿಸಿದಾಗ, ಒಬ್ಬಂಟಿಯಾಗಿ ಉಂಡ ಊಟಕ್ಕಿಂತ ಇತರರೊಡನೆ ಉಂಡ ಊಟ ಸರಾಸರಿ ನೂರಕ್ಕೆ 44ರಷ್ಟು ದೊಡ್ಡದಾಗಿರುವುದನ್ನು ಕಂಡರು. ವೃದ್ಧರಲ್ಲಿ ಇದರ ಮಹತ್ವವನ್ನು ನಿಸ್ಸಂದೇಹವಾಗಿ ಸ್ಥಾಪಿಸಿದುದು ನೆದರ್‌ಲೆಂಡಿನ ಐದು ವೃದ್ಧಾಲಯಗಳಲ್ಲಿ ಕ್ರಿಸ್ಟೆಲ್ ನೈಸ್ ಮತ್ತು ಸಂಗಡಿಗರು ಆರು ತಿಂಗಳ ಕಾಲ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಮರೆವಿನ ರೋಗವಿಲ್ಲದ 178 ಮಂದಿ ಅದರಲ್ಲಿದ್ದರು. ಕೆಲವು ವಿಭಾಗಗಳಲ್ಲಿ ಎಂದಿನಂತೆ ಮೊದಲೇ ಬಡಿಸಿದ ತಟ್ಟೆಗಳನ್ನು ತಂದಿಡಲಾಯಿತು. ಇನ್ನು ಕೆಲವುಗಳಲ್ಲಿ ಮೇಜಿಗೆ ಬಟ್ಟೆ ಹಾಸಿ, ಪಾತ್ರೆಗಳನ್ನು ನಡುವೆ ಇಟ್ಟು, ಬೇಕಾದುದನ್ನು ಬೇಕಾದಷ್ಟು ತಾವೇ ಹಾಕಿಕೊಳ್ಳುವಂತೆ ಬಿಟ್ಟು, ಸಿಬ್ಬಂದಿಯೂ ಜೊತೆಯಲ್ಲಿ ಕುಳಿತು ಮಾತನಾಡುತ್ತ, ಆ ಹೊತ್ತಿನಲ್ಲಿ ಔಷಧ ಹಂಚುವುದನ್ನೂ ಹೊರಗಿನವರ ಓಡಾಟವನ್ನೂ ನಿಲ್ಲಿಸಲಾಯಿತು. ಅಡುಗೆಯ ಸತ್ವವನ್ನು ಹೆಚ್ಚಿಸಲಿಲ್ಲ, ಟಾನಿಕ್ ಕೊಡಲಿಲ್ಲ. ಆರು ತಿಂಗಳ ಕೊನೆಗೆ ಎರಡು ಗುಂಪುಗಳ ತೂಕದಲ್ಲಿ ಸುಮಾರು ಒಂದೂವರೆ ಕಿಲೋ ಅಂತರವೇರ್ಪಟ್ಟಿತ್ತು: ತಂದಿಟ್ಟ ತಟ್ಟೆಯಲ್ಲಿ ಉಂಡವರ ತೂಕ ಇಳಿದಿತ್ತು, ಜೊತೆಯಲ್ಲಿ ಕುಳಿತು ಉಂಡವರದು ಇಳಿದಿರಲಿಲ್ಲ. ಬದುಕಿನ ನೆಮ್ಮದಿಯನ್ನು ಅಳೆದಾಗಲೂ ಇದೇ ವ್ಯತ್ಯಾಸ ಕಂಡಿತು.

ಪಂಕ್ತಿಭೋಜನದಲ್ಲಿ ಬೆಳೆದವರಿಗೆ ಈ ಫಲಿತಾಂಶ ಆಶ್ಚರ್ಯವನ್ನುಂಟುಮಾಡಲಾರದು. ಹನ್ನೆರಡನೆಯ ಶತಮಾನದ ಶರಣರು ದಾಸೋಹವೆಂದು ಆಚರಿಸಿ, ಈ ಸೀಮೆಯ ಮಠಗಳು ಇಂದಿಗೂ ನಡೆಸಿಕೊಂಡು ಬಂದಿರುವ ಸಂಪ್ರದಾಯದಲ್ಲಿ, ಬಡಿಸುವವನು ಉಣ್ಣುವವನಿಗಿಂತ ಮೇಲಿನವನಲ್ಲ. 'ಇನ್ನೊಂದು ತುತ್ತು ಉಣ್ಣಜ್ಜಿ' ಎಂಬ ಉಪಚಾರವನ್ನು ನಾವು ಬಾಯಿಮಾತೆಂದು ತಿಳಿದಿದ್ದೇವೆ. ತೂಕದ ಯಂತ್ರ ಅದನ್ನು ಔಷಧವೆಂದು ಹೇಳುತ್ತಿದೆ.

ಆದುದರಿಂದ, ನಮ್ಮ ಆಶ್ರಮಗಳಲ್ಲಿ ವಿಶೇಷವಾಗಿ ರೂಢಿಗೆ ಬಂದಿರುವ ಒಂದು ಪದ್ಧತಿಯನ್ನು ಕುರಿತು, ಅದನ್ನು ನಡೆಸುವವರ ಸದುದ್ದೇಶವನ್ನು ಗೌರವಿಸಿಯೇ, ಒಂದು ಮಾತು ಹೇಳಬೇಕಾಗಿದೆ. ಹುಟ್ಟುಹಬ್ಬಕ್ಕೋ ಪುಣ್ಯತಿಥಿಗೋ ಒಂದು ಹೊತ್ತಿನ ಊಟವನ್ನು ಕೊಡುವ ದಾನಿಗಳಿಂದಲೇ ಅನೇಕ ಆಶ್ರಮಗಳ ಒಲೆ ಉರಿಯುತ್ತದೆ. ಆದರೆ ದಾನಿಗಳು ಬರುವವರೆಗೆ ಹಸಿದವರನ್ನು ಕಾಯಿಸಿ, ಭಾಷಣವನ್ನೂ ಫೋಟೋವನ್ನೂ ಮುಗಿಸಿ, ಎರಡು ಗಂಟೆಗೆ ಹೋಳಿಗೆ ಪಲಾವುಗಳನ್ನು ಬಡಿಸಿದಾಗ, ಮುದುಡಿದ ಜಠರ ಅದನ್ನು ಹಿಡಿಯಲಾರದು. ಮರುದಿನ ಮತ್ತೆ ತಿಳಿಸಾರು. ದಾನಿಯು ಆ ಹಣವನ್ನು ತಿಂಗಳ ಹಾಲಿಗೂ ಮೊಸರಿಗೂ ಶೇಂಗಾಕ್ಕೂ ಕೊಟ್ಟು, ತಾನು ಮಾತ್ರ ನಿಯತ ವೇಳೆಗೆ ಬಂದು ಒಬ್ಬ ಅಜ್ಜಿಯ ಪಕ್ಕದಲ್ಲಿ ಕುಳಿತು, ಅವಳ ಊರನ್ನು ಕೇಳುತ್ತ, ಅವಳೊಡನೆಯೇ ಉಂಡರೆ, ಅವನು ಕೊಟ್ಟುದು ಅನ್ನಕ್ಕಿಂತ ದೊಡ್ಡದಾಗುತ್ತದೆ.

ಮಾಡಬೇಕಾದುದು

2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು, ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳವಿರುವ ಒಂದು ವೃದ್ಧಾಶ್ರಮವನ್ನಾದರೂ ಹಂತಹಂತವಾಗಿ ಸ್ಥಾಪಿಸುವುದನ್ನು ಕುರಿತು ಹೇಳುತ್ತದೆ. ಪೋಷಣೆಯೆಂಬುದನ್ನು ವಿವರಿಸುವಾಗ ಅದು ಆಹಾರ, ಬಟ್ಟೆ, ವಸತಿ, ವೈದ್ಯಕೀಯ ಆರೈಕೆಗಳನ್ನು ಹೆಸರಿಸಿ, ಆಹಾರವನ್ನು ಮೊದಲನೆಯದಾಗಿಯೇ ಇರಿಸಿದೆ. ಆ ಮೊದಲ ಸ್ಥಾನಕ್ಕೆ ತಕ್ಕ ಮೇಲ್ವಿಚಾರಣೆ ಯಾವುದು? ಅಡುಗೆಮನೆಯ ಗೋಡೆಗೆ ಅಂಟಿಸಿದ ವಾರದ ಊಟದ ಪಟ್ಟಿ ಬಡಿಸಿದುದನ್ನು ಹೇಳುತ್ತದೆ, ಉಂಡದ್ದನ್ನಲ್ಲ. ಉಂಡದ್ದನ್ನು ಹೇಳುವ ಸಾಧನ ಒಂದು ತೂಕದ ಯಂತ್ರ ಮತ್ತು ಒಂದು ನೋಟುಪುಸ್ತಕ. ತಿಂಗಳಿಗೊಮ್ಮೆ ಪ್ರತಿಯೊಬ್ಬರನ್ನೂ ತೂಗಿ ಬರೆದಿಟ್ಟು, ಒಂದು ತಿಂಗಳಿನಲ್ಲಿ ನೂರಕ್ಕೆ ಐದರಷ್ಟೋ ಆರು ತಿಂಗಳಿನಲ್ಲಿ ನೂರಕ್ಕೆ ಹತ್ತರಷ್ಟೋ ತೂಕ ತಾನಾಗಿ ಇಳಿದರೆ ಅದನ್ನು ವೈದ್ಯರ ಗಮನಕ್ಕೆ ತರಬೇಕಾದ ಲಕ್ಷಣವೆಂದು ಪರಿಗಣಿಸುವುದು ಸರ್ವಮಾನ್ಯವಾದ ನಿಯಮ. ಐವತ್ತು ಕಿಲೋದ ಅಜ್ಜಿ ಒಂದು ತಿಂಗಳಿನಲ್ಲಿ ಎರಡೂವರೆ ಕಿಲೋ ಇಳಿದರೆ, ಸೀರೆಯ ನೆರಿಗೆ ಸಡಿಲವಾಯಿತೆಂಬುದಷ್ಟೇ ನಮಗೆ ತೋರೀತು. ಪುಸ್ತಕವು ಅದನ್ನು ತಪ್ಪದೆ ಹೇಳುತ್ತದೆ.

ಆ ಪುಸ್ತಕದ ಎದುರು ಪುಟದಲ್ಲಿ ಇನ್ನೊಂದು ವಿವರವಿರಲಿ: ಇವರು ಹುಟ್ಟಿದ್ದು ಎಲ್ಲಿ, ಬೆಳೆದದ್ದು ಮುದ್ದೆಯಲ್ಲೋ ರೊಟ್ಟಿಯಲ್ಲೋ ಅನ್ನದಲ್ಲೋ, ಪಾಳಿಯ ಕೆಲಸದವರಾಗಿದ್ದರೆ ಎಷ್ಟು ಹೊತ್ತಿಗೆ ಉಣ್ಣುತ್ತಿದ್ದರು, ಸೋಮವಾರದ ಉಪವಾಸವೋ ರಂಜಾನಿನ ಉಪವಾಸವೋ, ಯಾರ ಪಕ್ಕದಲ್ಲಿ ಕುಳಿತರೆ ಮಾತು ಹೊರಡುತ್ತದೆ, ಯಾವ ಪದಾರ್ಥವನ್ನು ಕಂಡರೆ ಮುಖ ಅರಳುತ್ತದೆ. ಆಶ್ರಮವನ್ನು ಸೇರುವ ದಿನ ರಕ್ತದೊತ್ತಡವನ್ನು ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಇದನ್ನೂ ಬರೆದುಕೊಳ್ಳಬೇಕು. ಮನುಷ್ಯನು ಮನೆಯನ್ನೂ ನೆಂಟರನ್ನೂ ದುಡಿಮೆಯನ್ನೂ ಒಂದೊಂದಾಗಿ ಬಿಟ್ಟುಕೊಟ್ಟ ಮೇಲೆ, ತನ್ನ ಇಚ್ಛೆಯನ್ನು ಪ್ರಯೋಗಿಸಲು ದಿನಕ್ಕೆ ಮೂರು ಸಲ ಒದಗಿಬರುವ ಸಂದರ್ಭ ಊಟವೊಂದೇ. 'ಇನ್ನೂ ಸ್ವಲ್ಪ ಹಾಕು' ಎನ್ನುವ, 'ಇದು ಬೇಡ, ಅದು ಕೊಡು' ಎನ್ನುವ ಅಧಿಕಾರ ಅವನಿಗೆ ಅಲ್ಲಿ ಉಳಿದಿರಬೇಕು. ಆ ಅಧಿಕಾರವನ್ನು ಕಾಪಾಡಿದ ಕಡೆ ತೂಕ ಉಳಿಯುತ್ತದೆ, ಸ್ನಾಯು ಉಳಿಯುತ್ತದೆ, ನಡೆಯುವ ಕಾಲು ಇನ್ನಷ್ಟು ದಿನ ಉಳಿಯುತ್ತದೆ. ದಾವಣಗೆರೆ ಹರಿಹರಗಳ ನೆಲವನ್ನು ಉತ್ತು, ನೂಲನ್ನು ನೂತು, ಲೋಹವನ್ನು ಕಡೆದು ನಮಗೆ ಈ ಊರುಗಳನ್ನು ಕಟ್ಟಿಕೊಟ್ಟವರಿಗೆ, ಅವರ ನಾಲಗೆಗೆ ಒಪ್ಪುವ ಒಂದು ಬಿಸಿ ಊಟವನ್ನೂ ಅದನ್ನುಣ್ಣಲು ಬೇಕಾದ ನಲವತ್ತು ನಿಮಿಷಗಳನ್ನೂ ಪಕ್ಕದಲ್ಲಿ ಕೂರುವ ಒಬ್ಬ ಮನುಷ್ಯನನ್ನೂ ಒದಗಿಸುವುದು ನಮ್ಮ ಶಕ್ತಿಯನ್ನು ಮೀರಿದ ಕಾರ್ಯವಲ್ಲ. ಅದನ್ನು ದಾನವೆಂದು ಭಾವಿಸದೆ ಸಲ್ಲಬೇಕಾದ ಋಣವೆಂದು ತಿಳಿದು, ಪ್ರತಿಯೊಂದು ಆಶ್ರಮವೂ ನಾಳಿನ ಮಧ್ಯಾಹ್ನದಿಂದಲೇ ಪ್ರಾರಂಭಿಸಬಹುದು.